ಶುಕ್ರವಾರದ ಮಳೆ

"ರೀ... ರೀ ಮೇಡಂ! ಆ ಕೊಡೆ ತೆಗೀರಿ ಅಲ್ಲಿಂದ!"

ರುದ್ರಾಣಿ ಬೆಚ್ಚಿಬಿದ್ದಳು. ತಂತಿಬೇಲಿಯ ಆಚೆಯಿಂದ ಒಬ್ಬ ಮನುಷ್ಯ ಓಡಿ ಬರುತ್ತಿದ್ದ. ಬರುವ ರಭಸ ನೋಡಿದರೆ ಅವಳನ್ನು ಪೊಲೀಸರಿಗೇ ಒಪ್ಪಿಸುವ ಹಾಗಿತ್ತು.

ಪಾಪ, ಅವಳು ಮಾಡಿದ್ದಿಷ್ಟೇ. ಏರ್‌ಪೋರ್ಟ್ ರಸ್ತೆಯ ಹವಾಮಾನ ಕಚೇರಿಯಿಂದ ಒಂದು ಕಾಗದ ಒಯ್ಯಲು ಬಂದಿದ್ದಳು. ಮಳೆ ಆಗಷ್ಟೇ ನಿಂತಿತ್ತು. ತೊಟ್ಟಿಕ್ಕುವ ಕೊಡೆ ಹಿಡಿದು ಒಳಗೆ ಹೋಗುವುದು ಹೇಗೆ? ಹುಲ್ಲಿನ ನಡುವೆ ನಾಲ್ಕು ಕಾಲಿನ ಮೇಲೆ ಒಂದು ಬಿಳಿ ಮರದ ಪೆಟ್ಟಿಗೆ ನಿಂತಿತ್ತು, ಬೇಲಿಯ ಗೇಟೂ ತೆರೆದಿತ್ತು. ಪೆಟ್ಟಿಗೆಯ ಪಟ್ಟಿಗಳ ಸಂದಿಗೆ ಕೊಡೆಯ ಹಿಡಿ ಸಿಕ್ಕಿಸಿ ಕೈ ಒರೆಸಿಕೊಂಡಿದ್ದಳು.

"ಅದರೊಳಗೆ ಥರ್ಮಾಮೀಟರ್ ಇದೆ," ಅವನು ಏದುಸಿರು ಬಿಡುತ್ತಾ ಹೇಳಿದ. "ನಿಮ್ಮ ಕೊಡೆಯಿಂದ ಇವತ್ತು ಇಡೀ ಬೆಂಗಳೂರಿಗೆ ಎರಡು ಡಿಗ್ರಿ ತಂಪಾಗ್ಬಿಡ್ತಿತ್ತು. ನಾಳೆ ಪೇಪರಲ್ಲೂ ಬಂದಿರೋದು."

"ತಪ್ಪಾತ್ರೀ... ನನಗ ಗೊತ್ತಿರಲಿಲ್ಲ."

ಗಾಬರಿಯಲ್ಲಿ ಊರಿನ ಮಾತು ಬಾಯಿಗೆ ಬಂದುಬಿಟ್ಟಿತ್ತು. ಆಫೀಸಿನಲ್ಲಿ ಮೂರು ವರ್ಷದಿಂದ ಜೋಪಾನವಾಗಿ ಬೆಂಗಳೂರು ಕನ್ನಡ ಆಡುತ್ತಿದ್ದವಳು ಅವಳು.

ಅವನು ಅಲ್ಲೇ ನಿಂತ. ಅರ್ಧ ಸಿಟ್ಟು ಇಳಿದುಹೋಯಿತು. "ಗದಗ ಕಡೇದವರೇನ್ರಿ?"

"ಗದಗಿನವಳ. ನೀವು?"

"ರೋಣ."

ಅಷ್ಟೇ. ಇಬ್ಬರಿಗೂ ನಗು ಬಂತು. ಅವನೇ ಕೊಡೆ ತೆಗೆದು, ಕೊಡವಿ, ಒಳಗೆ ಬಾಗಿಲ ಹಿಂದೆ ಇಟ್ಟ. ಹೆಸರು ಪ್ರಭುಲಿಂಗ. ಗಾಳಿ, ಮಳೆ, ಮೋಡ ನೋಡಿ ಬರೆದಿಡುವುದು, ವಿಮಾನಗಳಿಗೆ ವರದಿ ಕೊಡುವುದು ಅವನ ಕೆಲಸ. ಕೆ.ಆರ್. ಪುರದಲ್ಲಿ ಒಂದು ಬಾಡಿಗೆ ಕೋಣೆ. ಮದುವೆಯಾಗಿಲ್ಲ ಎಂಬುದನ್ನು ಅವಳು ಕೇಳಿರಲಿಲ್ಲ, ಅವನೇ ಹೇಳಿದ!

ಇದು 1998ರ ಆಗಸ್ಟ್ ತಿಂಗಳ ಮಾತು.

ರುದ್ರಾಣಿಗೆ ಆಗ ಮೂವತ್ತೊಂದು. ಶಿವಾಜಿನಗರದ ಒಂದು ವಿಮಾ ಕಚೇರಿಯಲ್ಲಿ ಕೆಲಸ. ಮಳೆಗೆ ಗೋಡೆ ಬಿತ್ತು, ಸಾಮಾನು ನೆನೆಯಿತು ಎಂದು ಯಾರಾದರೂ ಅರ್ಜಿ ಹಾಕಿದರೆ, ಅವತ್ತು ನಿಜಕ್ಕೂ ಮಳೆ ಬಂದಿತ್ತೇ ಎಂದು ನೋಡುವ ವಿಭಾಗಕ್ಕೆ ಬಂದು ಎರಡೇ ವಾರವಾಗಿತ್ತು. ಹಾಗೆ ನೋಡಲು ಹವಾಮಾನ ಕಚೇರಿಯಿಂದ ತಿಂಗಳಿಗೊಂದು ಹಾಳೆ ಬರುತ್ತಿತ್ತು. ಒಂದು ಕಡೆ ತಾರೀಕು, ಇನ್ನೊಂದು ಕಡೆ ಮಳೆ. ಜುಲೈ ತಿಂಗಳ ಹಾಳೆ ತಡವಾಗಿದ್ದಕ್ಕೇ ಅವಳು ಅಲ್ಲಿಗೆ ಹೋಗಿದ್ದು.

ಕಾಕ್ಸ್ ಟೌನಿನಲ್ಲಿ ಆಬಿದಾ ಆಂಟಿಯ ಮನೆಯ ಮಹಡಿ ಮೇಲೆ ಅವಳ ಒಂಟಿ ಕೋಣೆ. ಸಂಜೆ ಆರಕ್ಕೆ ಬೀಗ ತೆಗೆದರೆ ಬೆಳಿಗ್ಗೆ ಒಂಬತ್ತಕ್ಕೆ ಬೀಗ ಹಾಕುವವರೆಗೆ ಅವಳ ಜೊತೆ ಮಾತಾಡುತ್ತಿದ್ದುದು ರೇಡಿಯೋ ಒಂದೇ. ಭಾನುವಾರ ಬೇಕರಿಯಿಂದ ಬನ್ನು ತಂದು ತಿಂದು, ಅಡುಗೆ ಮಾಡುವ ಗೋಜು ತಪ್ಪಿತು ಎಂದುಕೊಳ್ಳುತ್ತಿದ್ದಳು. ಒಬ್ಬಳಿಗೋಸ್ಕರ ಒಲೆ ಹಚ್ಚಲು ಮನಸ್ಸಿರಲಿಲ್ಲ ಎಂಬುದು ನಿಜವಾದ ಮಾತು.

ಊರಲ್ಲಿ ಒಮ್ಮೆ ಮದುವೆ ಗೊತ್ತಾಗಿತ್ತು. ಬ್ಯಾಂಕಿನಲ್ಲಿದ್ದೇನೆ ಎಂದಿದ್ದ ಹುಡುಗನಿಗೆ ಕೆಲಸವೇ ಇರಲಿಲ್ಲ ಎಂದು ಮದುವೆಗೆ ಹದಿನೈದು ದಿನ ಇರುವಾಗ ತಿಳಿಯಿತು. ಕೆಲಸ ಇಲ್ಲದ್ದಕ್ಕೆ ಅವಳಿಗೆ ಬೇಸರವಾಗಲಿಲ್ಲ. ಆರು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದನಲ್ಲ... ಆ ವರ್ಷವೇ ವರ್ಗ ಕೇಳಿಕೊಂಡು ಬೆಂಗಳೂರಿಗೆ ಬಂದುಬಿಟ್ಟಳು. ಇನ್ನು ಯಾರನ್ನೂ ನಂಬುವುದಿಲ್ಲ ಎಂದು ತೀರ್ಮಾನಿಸಿದ್ದಳು.

ಆದರೆ ಆಗಸ್ಟ್ ಕಳೆಯುವಷ್ಟರಲ್ಲಿ ಆ ತೀರ್ಮಾನ ಅಲುಗಾಡತೊಡಗಿತು. ದಿನವೂ ನಾಲ್ಕು ಗಂಟೆಗೆ ಅವಳ ಮೇಜಿನ ಫೋನು ಹೊಡೆದುಕೊಳ್ಳುತ್ತಿತ್ತು.

"ಕಾಕ್ಸ್ ಟೌನ್ ಕಡೆ ಸಂಜೆ ಮೋಡ ಐತ್ರೀ. ಕೊಡಿ ತಗೊಂಡ ಹೋಗ್ರಿ."

"ಇಷ್ಟು ಹೇಳಾಕ ಫೋನ್ ಮಾಡಿದ್ರೇನು?"

"ಸರಕಾರಿ ಕೆಲಸ. ಹವಾಮಾನ ತಿಳಿಸಬೇಕಲ್ರೀ."

ಅವಳು ನಗುತ್ತಾ ಫೋನಿಡುತ್ತಿದ್ದಳು. 'ಈ ಊರಲ್ಲಿ ನಾನು ನೆನೆದರೆ ಯಾರಿಗೆ ಏನು? ಇವನಿಗೆ ಏನೋ ಆಗುತ್ತದೆ.' ಅಷ್ಟು ಯೋಚಿಸಿದರೆ ಸಾಕು, ಅವಳ ಕಣ್ಣು ತುಂಬುತ್ತಿತ್ತು.

ಸೆಪ್ಟೆಂಬರಿನಲ್ಲಿ ಹಲಸೂರು ಕೆರೆಯ ದಂಡೆಯಲ್ಲಿ ಎರಡು ಸಲ ನಡೆದರು. ಲಕ್ಷದ್ವೀಪದ ಮಿನಿಕಾಯ್ ದ್ವೀಪಕ್ಕೆ ಎರಡು ವರ್ಷ ಹೋಗಲು ಆಫೀಸಿನಲ್ಲಿ ಯಾರೂ ಒಪ್ಪುತ್ತಿಲ್ಲ ಎಂದು ಅವನು ಹೇಳಿದ. ಅವನನ್ನೂ ಕೇಳಿದ್ದರಂತೆ, ಒಲ್ಲೆ ಎಂದಿದ್ದನಂತೆ.

"ಯಾಕ ಒಲ್ಲೆ ಅಂದ್ರಿ?"

"ಈಗ ಇಲ್ಲಿರಾಕ ಒಂದು ಕಾರಣ ಐತಿ," ಎಂದು ನೀರು ನೋಡುತ್ತಾ ನಿಂತ. ಅವಳು ಕಾರಣ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಅಕ್ಟೋಬರ್ ಒಂಬತ್ತು, ಶುಕ್ರವಾರ. ಸಂಜೆ ಐದೂವರೆಗೆ ಕಾಕ್ಸ್ ಟೌನಿನ ಬೇಕರಿಗೆ ಬರುತ್ತೇನೆ, ಒಂದು ಮಾತು ಹೇಳುವುದಿದೆ ಎಂದಿದ್ದ. ಅವಳು ಹಸಿರು ಸೀರೆ ಉಟ್ಟು ಐದು ಗಂಟೆಗೇ ಹೋಗಿ ಕೂತಳು. ಐದೂವರೆ ಆಯಿತು. ಆರಾಯಿತು. ಬೇಕರಿಯವನು ಎರಡು ಸಲ ಬಂದು ಏನು ಬೇಕೆಂದು ಕೇಳಿದ, ಎರಡು ಸಲವೂ ಅವಳು ಟೀ ಎಂದಳು. ಆಕಾಶ ಮಂಕಾಗಿತ್ತು, ಆದರೆ ಅಲ್ಲಿ ಒಂದು ಹನಿಯೂ ಬೀಳಲಿಲ್ಲ.

ಏಳು ಗಂಟೆಗೆ ಎದ್ದು ಬಂದಳು. ಗೇಟಿನಲ್ಲಿ ಆಬಿದಾ ಆಂಟಿ ಸೀರೆ ನೋಡಿ, "ಯಾರಾದ್ರು ಬರೋರಿದ್ರಾ ಬೇಟಾ?" ಎಂದರು.

"ಯಾರೂ ಇಲ್ಲ ಆಂಟಿ."

ಶನಿವಾರ, ಭಾನುವಾರ ಆಫೀಸಿಗೆ ರಜೆ. ಕೋಣೆಯಲ್ಲಿ ಫೋನಿಲ್ಲ. ಆ ಎರಡು ದಿನ ಅವಳು ಹಾಸಿಗೆಯ ಚಾದರಗಳನ್ನೆಲ್ಲ ಒಗೆದು ಮಹಡಿಯಲ್ಲಿ ಒಣಹಾಕಿದಳು. ಸುಮ್ಮನೆ ಕೂತರೆ ಅಳು ಬರುತ್ತಿತ್ತು. ಶನಿವಾರ ಬಿಸಿಲು ಚೆನ್ನಾಗಿತ್ತು.

ಸೋಮವಾರ ಬೆಳಿಗ್ಗೆಯೇ ಫೋನು ಬಂತು.

"ರುದ್ರಾಣಿ, ಬೈಬ್ಯಾಡ್ರಿ. ಶುಕ್ರವಾರ ಇಲ್ಲಿ ಭಾರಿ ಮಳಿ. ರಸ್ತೆ ಎಲ್ಲ ನೀರು, ಮುಂದಿನ ಪಾಳಿಗೆ ನನ್ನ ಬಿಡಿಸಾಕ ಬರೋ ಮನುಷ್ಯ ಬರಲೇ ಇಲ್ಲ. ಅರ್ಧ ತಾಸಿಗೊಮ್ಮೆ ವಿಮಾನಕ್ಕ ವರದಿ ಕೊಡಬೇಕು, ಎದ್ದು ಬರಂಗಿಲ್ಲ. ಬೇಕರಿಗೆ ಫೋನ್ ಮಾಡೋಣಂದ್ರ ಲೈನ್ ಸತ್ತಿತ್ತು."

"ನಮ್ಮ ಕಡೆ ಒಂದು ಹನೀನೂ ಬೀಳಲಿಲ್ಲ," ಎಂದಳು ಅವಳು.

"ಬೆಂಗಳೂರು ಮಳಿ ಹಂಗ ರೀ, ಒಂದು ಓಣ್ಯಾಗ ಇದ್ರ ಇನ್ನೊಂದ್ರಾಗ ಇಲ್ಲ."

ಅವಳು ನಂಬಿದಳು. ಪೂರ್ತಿ ಅಲ್ಲ, ಮುಕ್ಕಾಲು. ಅವನು ಅಂದು ಹೇಳಬೇಕೆಂದಿದ್ದ ಮಾತು ಫೋನಿನಲ್ಲಿ ಹೇಳಲಿಲ್ಲ, ಎದುರಿಗೇ ಹೇಳುತ್ತೇನೆಂದ. ಒಂದು ವಾರ ಅವನಿಗೆ ರಾತ್ರಿ ಪಾಳಿ, ಮುಂದೆ ದೀಪಾವಳಿಗೆ ಇಬ್ಬರೂ ಊರಿಗೆ ಹೋದರು. ಹಾಗೇ ಅಕ್ಟೋಬರ್ ಕಳೆಯಿತು.

ನವೆಂಬರ್ ಐದಕ್ಕೆ ಅಕ್ಟೋಬರ್ ತಿಂಗಳ ಮಳೆಯ ಹಾಳೆ ಬಂತು. ಪ್ರಭುಲಿಂಗನ ಕೈಬರಹ, ದುಂಡು ದುಂಡು ಅಂಕಿ. ಪ್ರೀತಿಯಿಂದಲೇ ಅವಳು ಒಂಬತ್ತನೇ ತಾರೀಕು ಹುಡುಕಿದಳು.

ಒಂಬತ್ತು: ಸೊನ್ನೆ.

ಹತ್ತು: ಎಪ್ಪತ್ತೊಂದು ಪಾಯಿಂಟ್ ಎರಡು ಮಿಲಿಮೀಟರ್.

ಅವಳು ಮತ್ತೆ ನೋಡಿದಳು. ಸ್ಕೇಲು ಇಟ್ಟು ನೋಡಿದಳು. ಶುಕ್ರವಾರದ ಎದುರು ಸೊನ್ನೆಯೇ ಇತ್ತು. ಮಳೆ ಬಂದದ್ದು ಶನಿವಾರ! ಶನಿವಾರದ ಮಳೆಯನ್ನು ಶುಕ್ರವಾರಕ್ಕೆ ಎಳೆದು ತಂದು ಅವಳಿಗೆ ಕಥೆ ಕಟ್ಟಿದ್ದಾನೆ. ಈ ಹಾಳೆ ಅವಳ ಕೈಗೇ ಬರುತ್ತದೆ ಎಂಬುದನ್ನೂ ಮರೆತಿದ್ದಾನೆ.

'ಮತ್ತೊಬ್ಬ... ಇವನೂ ಅಂಥವನೇ.'

ಅವಳು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು. ನಾಲ್ಕು ಗಂಟೆಗೆ ಫೋನು ಬಂದಾಗ, "ಇನ್ಮೇಲೆ ಫೋನ್ ಮಾಡ್ಬೇಡಿ. ನನಗೆ ಇಷ್ಟ ಇಲ್ಲ," ಎಂದು ಬೆಂಗಳೂರು ಕನ್ನಡದಲ್ಲಿ ಹೇಳಿ ಇಟ್ಟುಬಿಟ್ಟಳು. ಯಾಕೆಂದು ಹೇಳಲಿಲ್ಲ. ಹೇಳಿದರೆ ಇನ್ನೊಂದು ಸುಳ್ಳು ಕೇಳಬೇಕಾಗುತ್ತದೆಂಬ ಭಯ ಅವಳಿಗೆ. ಅವನು ಮೂರು ದಿನ ಫೋನು ಮಾಡಿದ, ಅವಳು ಎತ್ತಲಿಲ್ಲ. ಆಮೇಲೆ ದಿನವೂ ನಾಲ್ಕು ಗಂಟೆ ಸುಮ್ಮನೆ ಬಂದು ಸುಮ್ಮನೆ ಹೋಯಿತು. ಹಟದ ಹೆಣ್ಣು, ಕೊಡೆ ಒಯ್ಯುವುದನ್ನೇ ಬಿಟ್ಟಳು. ಎರಡು ಸಲ ನೆನೆದಳು.

ಅದೇ ವಾರ ಕೆ.ಆರ್. ಪುರದ ಮುನಿವೆಂಕಟಮ್ಮನ ಅರ್ಜಿ ಅವಳ ಮೇಜಿಗೆ ಬಂದಿತ್ತು. ಅಕ್ಟೋಬರ್ ಒಂಬತ್ತರ ಮಳೆಗೆ ಹಿಟ್ಟಿನ ಗಿರಣಿಯ ಗೋಡೆ ಬಿದ್ದಿದೆ ಎಂದಿತ್ತು. ರುದ್ರಾಣಿ ಹಲ್ಲು ಕಚ್ಚಿ ಕೆಂಪು ಮಸಿಯಲ್ಲಿ ಬರೆದಳು: 'ಆ ದಿನ ಮಳೆ ದಾಖಲಾಗಿಲ್ಲ.' ಅರ್ಜಿ ವಾಪಸು ಹೋಯಿತು.

ನವೆಂಬರ್ ಹತ್ತೊಂಬತ್ತು, ಗುರುವಾರ ಮುನಿವೆಂಕಟಮ್ಮ ಖುದ್ದಾಗಿ ಬಂದಳು. ಸೆರಗಿನಲ್ಲಿ ಆ ವಾಪಸು ಬಂದ ಕಾಗದ ಇತ್ತು.

"ಏನ್ ತಾಯಿ, ಮಳೆ ಬರ್ಲಿಲ್ಲ ಅಂತ ಬರ್ದಿದೀರಂತೆ?"

"ಶುಕ್ರವಾರ ಬಂದಿಲ್ಲಮ್ಮ. ಶನಿವಾರ ಬಂದಿದೆ. ಸುಳ್ಳು ತಾರೀಕು ಹಾಕಿದ್ರೆ ಹೇಗೆ?"

ಮುನಿವೆಂಕಟಮ್ಮ ಅವಳ ಮುಖವನ್ನೇ ನೋಡಿದಳು. "ಶುಕ್ರವಾರ ತಾಯಿ. ಗಿರಣಿ ತೊಳ್ದು, ಕುಂಕುಮ ಇಟ್ಟು, ಆಗ್ತಾನೆ ದೀಪ ಹಚ್ಚಿದ್ದೆ. ಕಡ್ಡಿ ಇನ್ನೂ ಕೈಯಾಗಿತ್ತು, ಗೋಡೆ ಕುಸ್ದು ಕೂತ್ಕೊಂತು. ದೀಪ ಹಚ್ಚಿದ ವಾರಾನ ನಾನು ಮರೀತೀನಾ? ನನ್ನ ಸುಳ್ಳಿ ಅಂತೀರಲ್ಲ, ನೀವು ಕೇಳಿದ್ರಾ ನನ್ನ?"

ಪಕ್ಕದ ಮೇಜಿನ ಯಜ್ಞನಾರಾಯಣ ಅವರು ಕನ್ನಡಕ ಹಣೆಗೇರಿಸಿದರು. ನಿವೃತ್ತಿಗೆ ನಾಲ್ಕು ತಿಂಗಳಿದ್ದ ಹಿರಿಯರು. ಮಳೆಯ ಹಾಳೆ ಎಳೆದುಕೊಂಡು ನೋಡಿದರು.

"ಏನಮ್ಮಾ ರುದ್ರಾಣಿ, ಎಂಟೂವರೆ ಲೆಕ್ಕ ನಿನಗೆ ಯಾರೂ ಹೇಳಿಲ್ವಾ?"

"ಯಾವ ಎಂಟೂವರೆ ಸರ್?"

"ಮಳೆ ಅಳೆಯೋದು ದಿನಕ್ಕೊಂದು ಸಲ, ಬೆಳಿಗ್ಗೆ ಎಂಟೂವರೆಗೆ. ಹಿಂದಿನ ದಿನ ಎಂಟೂವರೆಯಿಂದ ಬಿದ್ದಿದ್ದೆಲ್ಲ ಅಳೆದ ದಿನದ ತಾರೀಕಿಗೆ ಹೋಗುತ್ತೆ. ಶುಕ್ರವಾರ ಸಂಜೆ ಮಳೆ ಬಂದ್ರೆ ಅಳೆಯೋದು ಶನಿವಾರ ಬೆಳಿಗ್ಗೆ, ಬರೆಯೋದು ಶನಿವಾರದ ಎದುರು. ದೇಶದ ತುಂಬ ಇದೇ ಪದ್ಧತಿ. ಹತ್ತನೇ ತಾರೀಕಿಗೆ ಎಪ್ಪತ್ತೊಂದಿದೆ ನೋಡು, ಅದೇ ಈಕೆ ಹೇಳೋ ಮಳೆ."

ರುದ್ರಾಣಿಗೆ ಆಫೀಸಿನ ಸದ್ದೆಲ್ಲ ನಿಂತಂತಾಯಿತು. ಅವಳ ಕಣ್ಣು ಆ ದುಂಡು ಅಂಕಿಗಳ ಮೇಲಿತ್ತು. ಅವನು ಸುಳ್ಳು ಹೇಳಿರಲಿಲ್ಲ. ಆ ಸಂಜೆ ಅವನು ಆ ಮಳೆಯಲ್ಲೇ ನಿಂತಿದ್ದ, ಬೆಳಿಗ್ಗೆ ಅದೇ ಮಳೆಯನ್ನು ಅಳೆದು ಬರೆದಿದ್ದ.

"ತಪ್ಪಾಯ್ತಮ್ಮ," ಎಂದು ಮುನಿವೆಂಕಟಮ್ಮನ ಕೈ ಹಿಡಿದುಕೊಂಡಳು. ಅವಳೆದುರೇ ಕೆಂಪು ಸಾಲನ್ನು ಹೊಡೆದುಹಾಕಿ, ಸರಿಯಾದ ಟಿಪ್ಪಣಿ ಬರೆದು, ಯಜ್ಞನಾರಾಯಣ ಅವರಿಂದ ಸಹಿ ಹಾಕಿಸಿದಳು. ಬರೆಯುವಾಗ ಕಣ್ಣೀರು ಹಾಳೆಯ ಮೇಲೆ ಬೀಳದಂತೆ ಮತ್ತೆ ಮತ್ತೆ ಒರೆಸಿಕೊಂಡಳು. ಮುನಿವೆಂಕಟಮ್ಮನಿಗೆ ಇದು ತನ್ನ ಗೋಡೆಗಾಗಿ ಬಂದ ಅಳುವೆಂದೇ ಅನ್ನಿಸಿತು, ಪಾಪ ಸಮಾಧಾನವನ್ನೂ ಮಾಡಿದಳು.

ಅವಳನ್ನು ಕಳಿಸಿ ರುದ್ರಾಣಿ ಹವಾಮಾನ ಕಚೇರಿಗೆ ಫೋನು ಮಾಡಿದಳು. ಆ ಕಡೆ ಬೇರೆ ದನಿ.

"ಪ್ರಭುಲಿಂಗ ಅವ್ರಾ? ಫೈಲ್ ಒಪ್ಪಿಸ್ತಾ ಇದ್ದಾರೆ ಮೇಡಂ. ನಾಳೆ ರಿಲೀವ್ ಆಗ್ತಾರೆ. ಮಿನಿಕಾಯ್‌ಗೆ ವರ್ಗ."

ಅರ್ಧ ದಿನ ರಜೆ ಬರೆದು ಆಟೋ ಹತ್ತಿದಳು. ಹಲಸೂರು ದಾಟುವಾಗ ಸಿಗ್ನಲ್ಲಿನಲ್ಲಿ ಆಟೋ ನಿಂತರೆ, ಇಳಿದು ಓಡಲೇ ಅನ್ನಿಸುತ್ತಿತ್ತು.

ಅವನು ಅಂಗಳದಲ್ಲಿದ್ದ. ಹೊಸದಾಗಿ ಬಂದವನಿಗೆ ಉಪಕರಣಗಳನ್ನು ತೋರಿಸಿ ಕಳಿಸಿ, ಒಬ್ಬನೇ ಬೇಲಿಯ ಗೇಟು ಹಾಕುತ್ತಿದ್ದ. ಅವಳನ್ನು ನೋಡಿ ಮುಖ ಗಂಟು ಹಾಕಿದ.

"ಹೇಳಿ ಮೇಡಂ. ಹಾಳೆ ಬೇಕಾಗಿತ್ತಾ?"

ಆ ಮೇಡಂ ಅವಳ ಎದೆಗೆ ನಾಟಿತು. ನಿಂತಲ್ಲೇ ಎಲ್ಲ ಹೇಳಿದಳು. ಒಂಬತ್ತರ ಸೊನ್ನೆ, ಹತ್ತರ ಎಪ್ಪತ್ತೊಂದು, ಎಂಟೂವರೆಯ ಲೆಕ್ಕ, ಮುನಿವೆಂಕಟಮ್ಮನ ದೀಪ, ಊರಲ್ಲಿ ಸುಳ್ಳು ಹೇಳಿದ ಆ ಹುಡುಗ... ಏನನ್ನೂ ಬಿಡಲಿಲ್ಲ.

ಅವನು ಗೇಟಿನ ಚಿಲಕ ಹಾಕಿ ಅವಳ ಕಡೆ ತಿರುಗಿದ.

"ನಾನು ಬರೆದ ಅಂಕಿ ನಂಬಿದ್ರಿ, ನನ್ನ ನಂಬಲಿಲ್ಲ," ಎಂದ. "ಒಂದು ಮಾತು ಕೇಳಿದ್ರ ಸಾಕಿತ್ತಲ್ರೀ."

"ಕೇಳಬೇಕಿತ್ತು. ಅಂಜಿಕಿ ಆತು ನನಗ."

"ನೀವು ಫೋನ್ ಎತ್ತದ ಇದ್ದಾಗ ನಾನ ಬರದು ಕೊಟ್ಟೆ, ದ್ವೀಪಕ್ಕ ಹೋಗ್ತೀನಂತ. ಇಲ್ಲಿದ್ದು ಯಾರಿಗಾಗಿ ಅಂತ ಅನಸ್ತು. ಈಗ ಆರ್ಡರ್ ರದ್ದಾಗೂದಿಲ್ಲ. ಭಾನುವಾರ ಹೊರಡಬೇಕು, ಕೊಚ್ಚಿಯಿಂದ ಹಡಗು."

ಎರಡು ವರ್ಷ. ಅವಳ ತಪ್ಪಿಗೆ ಇಬ್ಬರೂ ತೆರಬೇಕಾದ ಎರಡು ವರ್ಷ. ಮೇಲೆ ಒಂದು ವಿಮಾನ ಇಳಿಯುತ್ತಿತ್ತು. ಅದರ ಸದ್ದು ಕರಗಿತು.

"ಅವತ್ತು ಬೇಕರಿಗೆ ಬಂದಿದ್ರ ಏನು ಹೇಳೋರಿದ್ರಿ?" ಎಂದಳು.

"ಈಗ ಹೇಳಿ ಏನು ಮಾಡೂದು?"

"ಹೇಳ್ರಿ."

ಅವನು ನೆಲ ನೋಡಿದ. "ನನ್ನ ಮದುವಿ ಆಗ್ತಿಯೇನು ಅಂತ ಕೇಳಾಂವ ಇದ್ದೆ."

ಮೊದಲ ಸಲ ಏಕವಚನ. ಅವಳ ಕಣ್ಣು ತುಂಬಿ ಬಂತು.

"ಅದು ಶುಕ್ರವಾರದ್ದು," ಎಂದಳು. "ಇವತ್ತಿಂದು ಕೇಳ್ರಿ."

ಅವನು ತಲೆಯೆತ್ತಿದ. ಆ ಮುಖದ ಗಂಟು ಸಡಿಲವಾಗುವುದನ್ನು ಅವಳು ನೋಡುತ್ತಲೇ ನಿಂತಳು.

"ಆಗ್ತಿಯೇನು ರುದ್ರಾಣಿ? ಎರಡು ವರ್ಷ ಒಬ್ಬಾಕಿನ ಇರಬೇಕು."

"ಆಗ್ತೀನಿ. ಒಬ್ಬಾಕಿ ಇರೂದು ನನಗ ರೂಢಿ ಐತಿ."

"ಮತ್ತ ಏನರ ಅನುಮಾನ ಬಂದ್ರ?"

"ನಿಮಗ ಬರದು ಕೇಳ್ತೀನಿ."

"ಅಲ್ಲಿಂದ ಉತ್ತರ ಬರಾಕ ತಿಂಗಳಾಗಬಹುದು."

ಅವಳು ಬೇಲಿಯ ಮೇಲಿದ್ದ ಅವನ ಕೈ ಮೇಲೆ ತನ್ನ ಕೈ ಇಟ್ಟಳು.

"ಅಲ್ಲಿತನಕ ನಂಬ್ಕೊಂಡು ಇರ್ತೀನಿ."