ಹೂವಮ್ಮನ ಅಂಗಡಿಯ ಕೊನೆಯ ಹಲಗೆ

ತೀರ್ಥಹಳ್ಳಿ ಪೇಟೆಯ ಮಂಜುನಾಥಪ್ಪನವರ ಮಳಿಗೆಯಲ್ಲಿ ದಿನಾ ದೀಪ ಹಚ್ಚುವ ಹೊತ್ತಿಗೆ ಒಂದು ಕೂಗು ಕೇಳುತ್ತಿತ್ತು.

"ಕನ್ನಪ್ಪೋರೆ, ಹಲಗೆ!"

ಕೂಗುತ್ತಿದ್ದವಳು ಕಾಫಿಪುಡಿ ಅಂಗಡಿಯ ಹೂವಮ್ಮ. ಪಕ್ಕದ ಅಂಗಡಿಯ ಕೊಡೆ ರಿಪೇರಿ ಕನ್ನಪ್ಪ ಅಷ್ಟರಲ್ಲಾಗಲೇ ತಲೆ ಬಾಚಿಕೊಂಡು ತಯಾರಾಗಿ ಕೂತಿರುತ್ತಿದ್ದ. ಆದರೂ ಈಗ ತಾನೇ ಕಿವಿಗೆ ಬಿತ್ತು ಅನ್ನುವವನ ಹಾಗೆ, "ಹಾಂ? ಬಂದೆ ಬಂದೆ" ಅನ್ನುತ್ತಿದ್ದ.

ಆ ಹಳೇ ಮಳಿಗೆಯ ಅಂಗಡಿಗಳಿಗೆ ಕದಗಳಿಲ್ಲ. ಹೊಸ್ತಿಲಲ್ಲಿ ಕೊರೆದ ಜಾಡಿಗೆ ಉದ್ದುದ್ದ ಹಲಗೆಗಳನ್ನು ಒಂದೊಂದಾಗಿ ಇಳಿಸಿ, ಸಾಲಾಗಿ ತಳ್ಳಿ, ಕೊನೆಯ ಹಲಗೆಗೆ ಕಬ್ಬಿಣದ ಪಟ್ಟಿ ಹಾಕಿ ಬೀಗ ಜಡಿಯಬೇಕು. ಹೂವಮ್ಮನ ಅಂಗಡಿಯಲ್ಲಿ ಮಾತ್ರ ಕೊನೆಯ ಹಲಗೆಗೆ ಕೂದಲೆಳೆಯಷ್ಟು ಜಾಗ ಸಾಲುತ್ತಿರಲಿಲ್ಲ. ಕನ್ನಪ್ಪ ಬಂದು ಹೆಗಲು ಕೊಟ್ಟು ಗುದ್ದಬೇಕಿತ್ತು.

"ದಿನಾ ತೊಂದ್ರೆ ಕೊಡ್ತೀನಿ ನಿಮಗೆ."

"ತೊಂದ್ರೆ ಎಂಥದು? ಆಗುಂಬೇಲಿ ಒಬ್ಬ ಕೊಡೆ ಬಿಚ್ಚಿ ನಿಂತಿದ್ದ. ಮಳೆ ಬಿದ್ದ ರಭಸಕ್ಕೆ ಸೊಂಟದವರೆಗೂ ನೆಲಕ್ಕೆ ಇಳಿದ. ನಾನು ಹೋಗಿ ಕಿತ್ತೆ. ಅದು ತೊಂದ್ರೆ."

ಹೂವಮ್ಮ ನಗು ಕಾಣಬಾರದೆಂದು ಸೆರಗಿನ ತುದಿ ಬಾಯಿಗೆ ಹಿಡಿಯುತ್ತಿದ್ದಳು. ಕಣ್ಣಿನ ನಗು ಮುಚ್ಚಿಕೊಳ್ಳುವುದು ಮರೆತುಹೋಗುತ್ತಿತ್ತು. ಕನ್ನಪ್ಪನಿಗೆ ಅಷ್ಟು ಸಾಕಾಗುತ್ತಿತ್ತು, ಮಾರನೇ ಸಂಜೆಯವರೆಗೆ.

"ಆ ಪುಡಿ ಅಳೆಯೋ ಚಮಚದ ಹಿಡಿ ಮುರಿದು ಎಷ್ಟು ಕಾಲ ಆಯ್ತು? ಕೊಡಿ, ಬೆಸುಗೆ ಹಾಕ್ಕೊಡ್ತೀನಿ."

"ಬೇಡ. ಅಭ್ಯಾಸ ಆಗಿದೆ," ಅನ್ನುವಳು, ಯಾಕೋ ನೆಲ ನೋಡಿಕೊಂಡು.

ಇಬ್ಬರಿಗೂ ಇದು ನಾಚಿಕೊಳ್ಳುವ ವಯಸ್ಸಲ್ಲ. ಅಪ್ಪ ತೀರಿಕೊಂಡ ಮೇಲೆ ಹೂವಮ್ಮ ಅಂಗಡಿಗೆ ಕೂತಳು. ಮದುವೆಯ ಮಾತು ಗಿರಾಕಿಗಳ ಗಲಾಟೆಯಲ್ಲಿ ಎಲ್ಲೋ ಕೈತಪ್ಪಿತು. ಕನ್ನಪ್ಪ ಒಮ್ಮೆ ಹೊಸನಗರಕ್ಕೆ ಹೆಣ್ಣು ನೋಡಲು ಹೋಗಿದ್ದ. ಮಾಸ್ತಿಕಟ್ಟೆ ಕಾಡಿನಲ್ಲಿ ಹುಲಿಯೊಂದು ತನ್ನ ಕೊಡೆ ಕಡ ತಗೊಂಡು ಹೋಗಿದ್ದನ್ನೂ, ಒಣಗಿಸಿ ವಾಪಸ್ ತಂದಿದ್ದನ್ನೂ ಅಲ್ಲಿ ವಿವರಿಸಿದ. ಹೆಣ್ಣಿನ ಅಪ್ಪ ಉಪ್ಪಿಟ್ಟಿನ ತಟ್ಟೆಯನ್ನು ಅರ್ಧದಲ್ಲೇ ಎತ್ತಿಟ್ಟರು.

ಹೀಗಿರುವಾಗ, ಅರವತ್ತಾರನೇ ಇಸವಿಯ ಬೇಸಿಗೆಯಲ್ಲಿ, ರಸ್ತೆ ಅಗಲ ಮಾಡುವ ಮಾತು ಬಂತು. ಅಳತೆ ಟೇಪು ಹಿಡಿದು ಓವರ್ಸಿಯರ್ ಮಹಾಗಣಪತಿ ಬಂದರು. ಚಿಕ್ಕ ವಯಸ್ಸು, ನಗದ ಮುಖ.

"ಕಟ್ಟಡ ಗಟ್ಟಿ ಇದ್ರೆ ಎದುರುಗಡೆ ಬೇಲಿ ಸರಿಸಿ ರಸ್ತೆಗೆ ಜಾಗ ತಗೋತೀವಿ. ಇಲ್ದಿದ್ರೆ ಇದನ್ನ ಕೆಡವೋದೇ."

ಮಂಜುನಾಥಪ್ಪನವರ ದನಿ ಸಣ್ಣಗಾಯಿತು. "ನಮ್ಮಜ್ಜ ಕಟ್ಟಿಸಿದ್ದು, ಸಾಹೇಬ್ರೆ. ಕೋಣಂದೂರು ಬಸ್ಸಿಗೆ ಕಾಯೋರೆಲ್ಲ ಕೂರೋದು ಈ ಜಗಲೀಲೇ. ಯಾರನ್ನೂ ಏಳು ಅಂದಿಲ್ಲ ನಾವು. ಸಿಮೆಂಟಿಂದು ಕಟ್ಟಬಹುದು. ಜನ ಕೂರ್ಲಿ ಅಂತ ಜಾಗ ಬಿಟ್ಟು ಯಾರು ಕಟ್ತಾರೆ ಈಗ?"

ಕನ್ನಪ್ಪ ನೆರವಿಗೆ ಬಂದ. "ಈ ಕಂಬಕ್ಕೆ ಒಂದ್ಸಲ ಆನೆ ಬೆನ್ನು ತಿಕ್ತು. ಆನೆ ವಾಲ್ತು, ಕಂಬ ವಾಲ್ಲಿಲ್ಲ."

ಓವರ್ಸಿಯರ್ ಅವನನ್ನು ಒಮ್ಮೆ ನೋಡಿದರು, ಇನ್ನೊಮ್ಮೆ ನೋಡಲಿಲ್ಲ. "ಎಲ್ಲಾ ಅಂಗಡಿ ಹಲಗೆ ಹಾಕಿ ತೋರ್ಸಿ. ಕಂಬ ವಾಲಿದ್ರೆ ಅಲ್ಲೇ ಗೊತ್ತಾಗ್ತದೆ."

ಎಲ್ಲರದ್ದೂ ಸಲೀಸಾಗಿ ಕೂತವು. ಹೂವಮ್ಮನ ಕೊನೆಯ ಹಲಗೆ ಕೂರಲಿಲ್ಲ.

"ಯಾವಾಗಿಂದ ಹೀಗೆ?"

"ಒಂದೆರಡು ಮಳೆಗಾಲ ಆಯ್ತು," ಎಂದಳು ಹೂವಮ್ಮ. ದನಿ ಅವಳಿಗೇ ಕೇಳಿಸುವಷ್ಟಿತ್ತು.

"ಹಲಗೆ ಅವೇ, ಜಾಗ ಕಮ್ಮಿ ಆಗಿದೆ. ಅಂದ್ರೆ ಕಂಬ ಒಳಕ್ಕೆ ವಾಲಿದೆ. ಆಯ್ತು, ಕೆಡವೋದೇ."

ಮಂಜುನಾಥಪ್ಪ ಜಗಲಿಯ ಮೇಲೆ ಕುಸಿದು ಕೂತರು. ಕನ್ನಪ್ಪನ ಕಿವಿಗಳು ಕಾದ ಕಾವಲಿಯಂತಾದವು. ಇಡೀ ಪೇಟೆ ನೆರೆದಿತ್ತು. ಬಾಯಿ ಬಿಟ್ಟರೆ ಮಾನ ಹೋಗುತ್ತದೆ. ತನ್ನದು ಹೋದರೆ ಹೋಗಲಿ, ಹೂವಮ್ಮನ ಹೆಸರು? ಬಿಡದಿದ್ದರೆ ಮಳಿಗೆಯೇ ಹೋಗುತ್ತದೆ, ಸಂಜೆಯ ಕೂಗೂ ಹೋಗುತ್ತದೆ.

"ಕಂಬ ವಾಲಿಲ್ಲ ಸಾಹೇಬ್ರೆ," ಅಂದ, ತನ್ನ ಕಾಲ ಹೆಬ್ಬೆರಳಿಗೆ ಹೇಳುವವನಂತೆ. "ಜಾಡಿನ ಆ ಮೂಲೇಲಿ ನಾನೇ ಒಂದು ತುಂಡು ಕೊಡೆ ಕಡ್ಡಿ ಸಿಕ್ಸಿದೀನಿ. ಹಲಗೆ ಬಿಗಿ ಆಗ್ಲಿ ಅಂತ. ಬಿಗಿ ಆದ್ರೆ... ನನ್ನ ಕರೀತಾರಲ್ಲ ಅಂತ."

ಎದುರಿನ ಹೋಟೆಲಿನ ಶೇಷಪ್ಪ ಕೂಗಿದ: "ಹುಲಿ ಕೊಡೆ ತಂದ್ಕೊಟ್ಟ ಕಥೆ ಇದಕ್ಕಿಂತ ಚೆನ್ನಾಗಿತ್ತು, ಮಾರಾಯಾ!"

ಪೇಟೆಗೆ ಪೇಟೆಯೇ ನಕ್ಕಿತು. ಕನ್ನಪ್ಪ ಬದುಕಿನಲ್ಲಿ ಮೊದಲ ಸಲ ನಿಜ ಹೇಳಿದ್ದ, ಮೊದಲ ಸಲ ಅವನನ್ನು ಯಾರೂ ನಂಬಿರಲಿಲ್ಲ. ಹುಲಿಯ ಕಥೆಯನ್ನು ಅರ್ಧ ಊರು ನಂಬಿತ್ತು.

ಅವನು ಮಂಡಿಯೂರಿ ಮೂಲೆಗೆ ಬೆರಳು ಹಾಕಿದ. ಕೆದಕಿದ. ಒಂದಿಷ್ಟು ತುಕ್ಕಿನ ಪುಡಿ ಬಿಟ್ಟರೆ ಕಡ್ಡಿ ಇರಲಿಲ್ಲ. ಬೆವರು ಮೂಗಿನ ತುದಿಗೆ ಬಂತು.

"ಸಾಕು ಏಳ್ರಿ," ಎಂದರು ಓವರ್ಸಿಯರ್.

ಆಗ ಹೂವಮ್ಮ ಅವನ ಪಕ್ಕದಲ್ಲೇ ಕೂತಳು. ಮುಖ ನಾಚಿಕೆಗೆ ಕೆಂಪಾಗಿತ್ತು. ಬಳೆ ಹಿಂದಕ್ಕೆ ಸರಿಸಿ ಹಲಗೆಯ ಸಂದಿಗೆ ಕೈ ತೂರಿಸಿ, ಏನನ್ನೋ ಕಿತ್ತು ತೆಗೆದು, ಎಲ್ಲರಿಗೂ ಕಾಣುವಂತೆ ಹಿಡಿದಳು. ಹಿತ್ತಾಳೆ ಚಮಚದ ಮುರಿದ ಹಿಡಿ.

"ಇವ್ರ ಕಡ್ಡಿ ಹೋದ ಮಳೆಗಾಲದಲ್ಲೇ ತುಕ್ಕು ಹಿಡಿದು ಉದುರಿಹೋಯ್ತು," ಎಂದಳು. "ಹಲಗೆ ಒಂದು ಬೆರಳಿಗೇ ಹೋಗಕ್ಕೆ ಶುರುವಾಯ್ತು. ಅದಕ್ಕೆ ನಾನೇ..." ಮುಂದಿನದನ್ನು ಸೆರಗಿನೊಳಗೆ ಹೇಳಿಕೊಂಡಳು.

ಈ ಸಲ ಶೇಷಪ್ಪನೂ ನಗಲಿಲ್ಲ. ಮಂಜುನಾಥಪ್ಪ ಎದ್ದು ಬಂದು ಹಲಗೆಯನ್ನು ಒಂದೇ ಬೆರಳಿಂದ ತಳ್ಳಿದರು. ಟಕ್ ಅಂತ ಕೂತಿತು. ಕಂಬ ಅಜ್ಜ ನಿಲ್ಲಿಸಿದ ಜಾಗದಲ್ಲೇ ಇತ್ತು.

"ಕಟ್ಟಡ ಗಟ್ಟಿ ಇದೆ," ಎಂದರು ಓವರ್ಸಿಯರ್. ಟೇಪು ಸುತ್ತುತ್ತ ಮುಖ ಅತ್ತ ತಿರುಗಿಸಿಕೊಂಡರು. ಅವರ ಭುಜ ಮಾತ್ರ ಕುಲುಕುತ್ತಿತ್ತು.

ಆ ದಿನವಿಡೀ ಇಬ್ಬರೂ ತಲೆ ಎತ್ತಲಿಲ್ಲ. ಕಾಫಿ ಕುಡಿಯದವರೂ ಬಂದು ಪುಡಿ ಕೊಂಡರು. ಸರಿಯಿದ್ದ ಕೊಡೆಗಳು ರಿಪೇರಿಗೆ ಬಂದವು. ಕನ್ನಪ್ಪ ಯಾರಿಗೂ ಒಂದು ಕಥೆಯನ್ನೂ ಹೇಳಲಿಲ್ಲ.

ದೀಪ ಹಚ್ಚುವ ಹೊತ್ತಾಯಿತು. ಪಕ್ಕದಲ್ಲಿ ಹಲಗೆಗಳು ಒಂದೊಂದಾಗಿ ಸರಿದವು. ಕೊನೆಯದೂ ಟಕ್ ಅಂತ ಕೂತಿತು. ಪಟ್ಟಿ ಬಿತ್ತು, ಬೀಗ ಬಿತ್ತು. ಕೂಗು ಬರಲಿಲ್ಲ. ಕನ್ನಪ್ಪ ಬಾಚಣಿಗೆಯನ್ನು ಕೈಯಲ್ಲಿ ಹಿಡಿದು ತಲೆ ಬಾಚದೆ ಕೂತಿದ್ದ.

"ಕನ್ನಪ್ಪೋರೆ."

"ಹಲಗೆ ಸಲೀಸಾಗಿ ಹೋಯ್ತಲ್ಲ, ಕೇಳಿಸ್ತು."

"ಹೋಯ್ತು."

"ಮತ್ತೆ ಇನ್ನು ನನ್ನ ಕರೆಯೋದಕ್ಕೆ ಎಂಥ ನೆಪ?"

"ನೆಪ ಮುಗೀತು," ಎಂದಳು ಹೂವಮ್ಮ, ಜಗಲಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡಿದ್ದರೂ. "ಅದಕ್ಕೇ ನೆಪ ಇಲ್ದೆ ಕರೀತಿದೀನಿ. ಬರ್ತೀರೋ ಇಲ್ವೋ?"

ಈ ಸಲ ಕನ್ನಪ್ಪ "ಹಾಂ?" ಅನ್ನಲಿಲ್ಲ. ಬಾಚಣಿಗೆಯನ್ನು ಅಲ್ಲೇ ಬಿಟ್ಟು, ಕೆದರಿದ ತಲೆಯಲ್ಲೇ ಎದ್ದು ಹೋದ.