ಅಂಜಲಾರದ ಗುಂಡಿಗೆ

೨೦೬೧ರ ಒಂದು ಬೆಳಿಗ್ಗೆ, ಧಾರವಾಡದ ಪ್ರಯೋಗಾಲಯದ ಗಾಜಿನ ತೊಟ್ಟಿಯಲ್ಲಿ ಇಲಿಯೊಂದು ಹದಿನೈದು ಡಿಗ್ರಿಯ ಚಳಿಯಿಂದ ಮೆಲ್ಲಗೆ ಬೆಚ್ಚಗಾಗುತ್ತಿತ್ತು. ಹೀಗೆ ಬೆಚ್ಚಗಾಗುವಾಗಲೇ ಹೃದಯ ಮುಗ್ಗರಿಸಿ ನಿಲ್ಲುವುದು. ಅದನ್ನು ತಡೆಯಲು ಡಾ. ಇಂದುಮತಿ ಕಂಡುಹಿಡಿದ ಯಂತ್ರ ‘ಸಮತಾಳ’. ಹೃದಯದ ನರಗಳಿಗೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಬಡಿತವನ್ನು ಅದು ಒಂದು ಹದಕ್ಕೆ ತರುತ್ತಿತ್ತು. ಯಂತ್ರ ತೆಗೆದ ಮೇಲೂ ಆ ಹದ ಉಳಿಯುತ್ತಿತ್ತು. ಹೀಗೆ ಎಚ್ಚರಿಸಿದ ಅರವತ್ತು ಇಲಿಗಳಲ್ಲಿ ಒಂದೂ ಸತ್ತಿರಲಿಲ್ಲ. ಆ ಹಿಗ್ಗಿನಲ್ಲೇ, ಹತ್ತು ದಿನಗಳ ಹಿಂದೆ, ಮೆದುಳಿನ ಶಸ್ತ್ರಚಿಕಿತ್ಸೆಗಾಗಿ ತಣ್ಣಗಾಗಿಸಿದ್ದ ತನ್ನ ಗಂಡ ಚಿದಾನಂದನನ್ನೂ ಅವಳು ಸಮತಾಳದಿಂದಲೇ ಎಚ್ಚರಿಸಿದ್ದಳು.

ಇಲಿಗಳನ್ನು ನೋಡಿಕೊಳ್ಳುವ ಮೈಲಾರಪ್ಪ ಬಾಗಿಲಲ್ಲಿ ನಿಂತ.

“ಡಾಕ್ಟರ್ ಬಾಯಾರ, ಈ ಯಂತ್ರ ಹಾಕಿದ ಇಲಿ ಯಾಕೋ ಬರೋಬರಿ ಇಲ್ರಿ. ಕಾಳಿನ ಡಬ್ಬಿ ಬಿದ್ದು ಢಣ್ ಅಂದ್ರ ಬ್ಯಾರೆವೆಲ್ಲಾ ದಿಕ್ಕಾಪಾಲಾಗಿ ಓಡಿದ್ವು. ಇವು ಕುಂತಲ್ಲೇ ಕುಂತಾವ. ಒಂದಂತೂ ಚಕ್ರದಾಗ ಓಡ್ಕೋತನ ಸತ್ತು ಬಿತ್ತು.”

ಸತ್ತ ಇಲಿಯ ಹೃದಯದ ದಾಖಲೆಯನ್ನು ಇಂದುಮತಿ ಒಂದೊಂದೇ ಬಡಿತವಾಗಿ ನೋಡಿದಳು. ಆರೋಗ್ಯವಂತ ಹೃದಯದ ಬಡಿತಗಳ ನಡುವಿನ ಅಂತರ ಸದಾ ಅಷ್ಟಿಷ್ಟು ಏರುಪೇರಾಗುತ್ತದೆ. ಉಸಿರೆಳೆದರೆ ಚುರುಕು, ಬಿಟ್ಟರೆ ನಿಧಾನ, ಬೆದರಿದರೆ ಓಟ. ಈ ಇಲಿಯದು ಕೊನೆಯವರೆಗೂ ಗಡಿಯಾರದಂತೆ ಒಂದೇ ಸಮ. ಓಡುವ ಮೈಗೆ ಬೇಕಾದಷ್ಟು ರಕ್ತವನ್ನು ಅದು ಕೊಡಲೇ ಇಲ್ಲ. ತಂಡದವರು ನಿಮಿಷದ ಸರಾಸರಿಯನ್ನಷ್ಟೇ ನೋಡಿ ಬೆನ್ನು ತಟ್ಟಿಕೊಂಡಿದ್ದರು, ಅವಳೂ ಸೇರಿ.

ಚಿದಾನಂದ ಅಂದೇ ಮನೆಗೆ ಹೊರಡುವವನಿದ್ದ. ಅವಳು ವಾರ್ಡಿಗೆ ಓಡಿ ಅವನ ಕೈ ಹಿಡಿದಳು.

“ಜೋರಾಗಿ ಉಸಿರು ಎಳಕೊಳ್ರಿ.”

ನಾಡಿ ಒಂದಿಷ್ಟೂ ಚುರುಕಾಗಲಿಲ್ಲ. ಹೀಗೇ ಬಿಟ್ಟರೆ ಹತ್ತು ಮೆಟ್ಟಿಲು ಹತ್ತುವಾಗ ಅವನು ಸಾಯಬಹುದು. ಸಮತಾಳದ ಹಿಡಿತ ಬಿಡಿಸಬೇಕಾದರೆ ಅವನನ್ನು ಮತ್ತೆ ತಣ್ಣಗಾಗಿಸಿ, ಯಂತ್ರವಿಲ್ಲದೆ ಬೆಚ್ಚಗಾಗಿಸಬೇಕು. ಆಗಲೂ ಹೃದಯ ನಿಲ್ಲಬಹುದು. ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು.

“ಆತು ತಗೋ, ಹಂಗ ಮಾಡು,” ಎಂದು ಚಿದಾನಂದ ಒಪ್ಪಿಗೆಯ ಕಾಗದ ಓದದೆಯೇ ಸಹಿ ಹಾಕಿದ. ಸೂಜಿ ಕಂಡರೆ ಹೌಹಾರುತ್ತಿದ್ದ ಮನುಷ್ಯ! “ನೀ ಯಾಕ ಹಿಂಗ ನಡುಗಾಕತ್ತಿ?”

ಬಡಿತ ಏರದ ಎದೆಗೆ ಭಯವೂ ತಟ್ಟದೆಂದು ಅವಳಿಗೆ ಹೊಳೆಯಿತು; ಇಬ್ಬರ ಪಾಲಿನ ಭಯವನ್ನೂ ಅವಳೊಬ್ಬಳೇ ಪಡುತ್ತಿದ್ದಳು. ಆದರೂ ಕಾಗದ ತೆಗೆದುಕೊಂಡಳು.

ಮರುದಿನ ತಣ್ಣಗಾಗಿಸಿ ಮತ್ತೆ ಬೆಚ್ಚಗಾಗಿಸುವಾಗ, ಮೈ ಇಪ್ಪತ್ತೆಂಟು ಡಿಗ್ರಿಗೆ ಬಂದಾಗ ಅವನ ಹೃದಯ ತೊದಲಿತು, ನಿಂತಿತು. ಇಂದುಮತಿ ಪರದೆಯ ಮೇಲೆ ಕಣ್ಣು ನೆಟ್ಟು ಸೆಕೆಂಡು ಎಣಿಸಿದಳು. ಏಳು ಸೆಕೆಂಡುಗಳ ನಂತರ ಒಂದು ಬಡಿತ, ತಡವಾಗಿ ಇನ್ನೊಂದು, ಆಮೇಲೆ ಅವಸರವಾಗಿ ಎರಡು.

ಸಂಜೆ ಕಣ್ಣುಬಿಟ್ಟ ಚಿದಾನಂದನಿಗೆ ನಡೆದದ್ದನ್ನು ಹೇಳಿದಳು. ಪರದೆಯ ಮೇಲೆ ಬಡಿತ ದೌಡಾಯಿಸಿತು. ಅವನು ಅವಳ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದ.

“ನಿಂತಿತ್ತ? ನಾ ಸತ್ತಿದ್ರ? ನನ್ನ ಕಡೆ ಹೆಂಗ ಸಹಿ ಮಾಡಿಸ್ಕೊಂಡಿ ನೀ?”

“ನೀವ ಹೂಂ ಅಂದ್ರಿ...”

“ಅವಾಗ ನಾ ನಾ ಆಗಿದ್ನೇನ?”

ಇಂದುಮತಿ ಆ ಒಪ್ಪಿಗೆಯ ಕಾಗದವನ್ನು ಮತ್ತೆ ತೆಗೆದು ನೋಡಿದಳು. ದಿಗಿಲಿಗೆ ಮದ್ದು, ನಿದ್ದೆಗೆ ಮದ್ದು ಕೊಟ್ಟು ಭಯ ಕಳೆದ ಮೇಲೆ ವೈದ್ಯರಾದ ನಾವು ಎಷ್ಟು ಜನರ ಮುಂದೆ ಇಂಥ ಕಾಗದ ಹಿಡಿಯುತ್ತಿದ್ದೇವೋ, ಲೆಕ್ಕ ಇಟ್ಟವರಿಲ್ಲ.