ಪಟ್ಟಿಯಲ್ಲಿಲ್ಲದ ನಕ್ಷತ್ರ

ಇನ್ನೂ ಹಾರದ ಬಾಹ್ಯಾಕಾಶ ಟೆಲಿಸ್ಕೋಪಿಗಾಗಿ ನಾನು ಇಬ್ರಾಹಿಂಪುರದ ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಹುಸಿ ಆಕಾಶ ಕಟ್ಟುತ್ತೇನೆ. ಪರೀಕ್ಷೆಗೆಂದು ಜೊತೆಗೆ ಕೆಲಸ ಮಾಡುವ ನಾವು ಪಟ್ಟಿಯಲ್ಲಿಲ್ಲದ ಕಳ್ಳ ನಕ್ಷತ್ರವನ್ನು ಒಬ್ಬರಿಗೊಬ್ಬರು ಬಚ್ಚಿಡುವುದುಂಟು; ಸಿಕ್ಕರೆ ಅಳಿಸಬೇಕು. ಸೋಮವಾರ ಮಧ್ಯಾಹ್ನ ಅಂಥದೊಂದು ಸಿಕ್ಕಿತು. ಅಳಿಸಿದೆ. ಪಕ್ಕದಲ್ಲಿದ್ದ ಜೊತೆಗಾರ ಆರಿಫನ ಕೆನ್ನೆ ಫಟ್ಟನೆ ಸೀಳಿತು.

"ಯಾರಲೇ ಹೊಡದವರು?" ಎಂದು ಅವನು ಚೀರಿದ.

ಕೋಣೆಯಲ್ಲಿ ನಾವಿಬ್ಬರೇ.

"ಆ ನಕ್ಷತ್ರ ನೀ ಇಟ್ಟಿದ್ದೇನಲೇ?" ಎಂದೆ.

"ಅಲ್ಲಾನ ಆಣಿ, ನಾ ಇಟ್ಟಿಲ್ಲ."

ಮತ್ತೆ ಪ್ರೋಗ್ರಾಮ್ ಓಡಿಸಿದಾಗ ಎರಡು ಬಂದವು. ಹಟಕ್ಕೆ ಬಿದ್ದು ಅಳಿಸಿದೆ. ಆರಿಫನ ಎರಡು ಹಲ್ಲು ರಕ್ತದ ಜೊತೆ ಕೀಬೋರ್ಡಿನ ಮೇಲೆ ಬಿದ್ದವು.

ಮೂರನೆಯ ಸಲ ಹನ್ನೊಂದು. ನಾನು ಮುಟ್ಟಲಿಲ್ಲ. ತನ್ನ ಮನೆಯಲ್ಲಿ ಒಬ್ಬಳೇ ಕೂತು ನಮ್ಮ ಕೆಲಸ ತಪಾಸಣೆ ಮಾಡುವ ಸುರೈಯಾಳಿಗೆ, ನಡೆದದ್ದು ಹೇಳಿದರೆ ನಗುತ್ತಾಳೆಂದು ಏನೂ ಹೇಳದೆ, ಆ ಆಕಾಶವನ್ನು ಹಾಗೇ ಕಳಿಸಿಬಿಟ್ಟೆ.

"ಹನ್ನೊಂದು ಹೆಚ್ಚಿಗಿ ಅದಾವು, ಅಳಸಾಕತ್ತೇನಿ," ಎಂದು ಅವಳ ಮೆಸೇಜು ಬಂತು.

ಇವತ್ತಿಗೆ ಮೂರು ದಿನ. ಅವಳ ಫೋನು ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ.